ಗೊಬ್ಬರದ ಅಂಗಡಿಯ ಮೂರನೆಯ ಕಂಬ

ನಾನು ನಿಂತಿದ್ದದ್ದು ಸಿಂಧನೂರಿನ ಒಂದು ಗೊಬ್ಬರದ ಅಂಗಡಿಯೊಳಗೆ, ಬಾಗಿಲಿನಿಂದ ಎಣಿಸಿದರೆ ಮೂರನೆಯ ಕಂಬದಿಂದ ನಾಲ್ಕು ಹೆಜ್ಜೆ ಈಚೆ, ತಕ್ಕಡಿಯ ಪಕ್ಕದಲ್ಲಿ. ಮುಖ ಕಂಬದ ಕಡೆಗಿತ್ತು. ನಾಗರ ಅಮಾವಾಸ್ಯೆಯ ಮಾರನೆಯ ದಿನ, ಶುಕ್ರವಾರ. ಹನ್ನೊಂದು ಗಂಟೆಗೆ ಇನ್ನೂ ಹತ್ತು ನಿಮಿಷ ಇತ್ತು. ಚಹಾ ಇನ್ನೂ ಬರಲಿಲ್ಲವಲ್ಲ ಎಂದು ಆಗಷ್ಟೇ ಗೋಡೆಯ ಗಡಿಯಾರ ನೋಡಿದ್ದೆ, ಆದ್ದರಿಂದ ಹೊತ್ತು ಸರಿಯಾಗಿ ನೆನಪಿದೆ. ಇದಾಗಿ ಮೂರು ವರ್ಷವಾಗುತ್ತ ಬಂತು.

ಕಂಡದ್ದನ್ನು ಮೊದಲು ಹೇಳಿಬಿಡುತ್ತೇನೆ. ಆ ಕಂಬದ ಮೈ ಮೊಣಕಾಲಿನ ಎತ್ತರದಿಂದ ಎದೆಯ ಎತ್ತರದವರೆಗೆ ಒಂದೇ ಹಲಗೆಯಂತೆ ಬಿಟ್ಟುಕೊಂಡು ನೆಲಕ್ಕೆ ಬಿತ್ತು. ಒಳಗಿನ ಸರಳುಗಳು ಕಾಣಿಸಿದವು. ನಾನು ನೋಡುತ್ತಿದ್ದ ಹಾಗೆಯೇ ಅವುಗಳಲ್ಲಿ ಎರಡು ಬಿಲ್ಲಿನಂತೆ ಹೊರಕ್ಕೆ ಬಾಗಿದವು. ನಮ್ಮ ತಲೆಯ ಮೇಲೆ ಐದು ಅಂತಸ್ತು, ಅದರಲ್ಲಿ ಒಂಬತ್ತು ಮನೆಗಳು. ಕಂಬಕ್ಕೆ ಬೆನ್ನು ಮಾಡಿ ಕೆಲಸ ಮಾಡುತ್ತಿದ್ದ ನಮ್ಮ ಕಾಕಾನಿಗೆ ಆ ಸದ್ದು ಕೇಳಿಸಲಿಲ್ಲ.

ಕೇಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಕಂಬ ಒಳಗೆ ಟೊಳ್ಳಾಗಿದೆ ಎಂಬುದೂ ನನಗೆ ಮಂಗಳವಾರದಿಂದಲೇ ಗೊತ್ತಿತ್ತು. ಮೂರು ದಿನ ಹೇಳದೆ ಸುಮ್ಮನಿದ್ದೆ. ಅದನ್ನು ಬರೆಯಬೇಕೆಂದೇ ಈಗ ಕೂತಿದ್ದೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮನಲ್ಲ. ಅವನು ಮಸ್ಕಿಯವನು, ನಾನು ಲಿಂಗಸುಗೂರಿನವನು. ಡಿಪ್ಲೊಮಾ ಮುಗಿಸಿ ಎಲ್ಲೂ ನಿಲ್ಲದೆ ಅಲೆಯುತ್ತಿದ್ದಾಗ ಒಂದು ಕೆಲಸದ ಜಾಗದಲ್ಲಿ ಸಿಕ್ಕ. ಅಂದಿನಿಂದ ಇಬ್ಬರೂ ಜೊತೆಗೇ ಹಳೆಯ ಕಟ್ಟಡಗಳ ರಿಪೇರಿ ಮಾಡುತ್ತ ಬಂದೆವು. ಕಾಗದದ ಮೇಲೆ ನಾನು ಇಂಜಿನಿಯರು, ಅವನು ಮೇಸ್ತ್ರಿ. ಕಾಗದ ಮಡಚಿಟ್ಟ ಮೇಲೆ ಅವನು ಹೇಳುತ್ತಿದ್ದ, ನಾನು ಕೇಳುತ್ತಿದ್ದೆ.

ನಮ್ಮ ಕೆಲಸ ಏನೆಂದು ಎರಡು ಮಾತು ಹೇಳಬೇಕು. ಕಾಂಕ್ರೀಟಿನೊಳಗಿನ ಸರಳಿಗೆ ಜಂಗು, ಅಂದರೆ ತುಕ್ಕು, ಹಿಡಿದರೆ ಅದು ಸವೆಯುವುದರ ಜೊತೆಗೆ ಉಬ್ಬುತ್ತದೆ. ಉಬ್ಬಿದ ಜಂಗು ಸುತ್ತಲಿನ ಕಾಂಕ್ರೀಟನ್ನು ಒಳಗಿನಿಂದ ತಳ್ಳುತ್ತದೆ. ಹೊರಗೆ ನೋಡಿದರೆ ಕೂದಲೆಳೆಯಷ್ಟು ಬಿರುಕು, ಕೆಲವು ಸಲ ಅದೂ ಇಲ್ಲ. ಒಳಗೆ ಮಾತ್ರ ಒಂದು ಪದರ ಪೂರ್ತಿ ಬಿಟ್ಟುಕೊಂಡಿರುತ್ತದೆ. ಆ ಪದರವನ್ನು ಒಡೆದು ತೆಗೆದು, ಸರಳನ್ನು ತಂತಿಯ ಬ್ರಷ್ಷಿನಿಂದ ಬೆಳ್ಳಗಾಗುವ ತನಕ ಉಜ್ಜಿ, ಜಂಗು ತಡೆಯುವ ಬಣ್ಣ ಬಳಿದು, ತೀರಾ ಸವೆದದ್ದರ ಪಕ್ಕ ಹೊಸ ಸರಳು ಕಟ್ಟಿ, ಮತ್ತೆ ಮೈ ತುಂಬಿಸಬೇಕು. ಇದನ್ನೆಲ್ಲ ಯಾರಿಗಾದರೂ ಕಲಿಸಬಹುದು. ಬಿಟ್ಟುಕೊಂಡ ಜಾಗ ಯಾವುದೆಂದು ಹೊರಗಿನಿಂದ ಹುಡುಕುವುದೇ ಕಷ್ಟದ ಕೆಲಸ.

ಕಾಕಾ ಅದನ್ನು ಕಲಿತದ್ದು ಹಟ್ಟಿಯಲ್ಲಿ. ವಯಸ್ಸಿನಲ್ಲಿದ್ದಾಗ ಕೆಲವು ವರ್ಷ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿದಿದ್ದ. ಅಲ್ಲಿ ಕೆಳಗೆ ಹೋದವರು ಬೇರೆ ಕೆಲಸಕ್ಕೆ ಕೈ ಹಾಕುವ ಮೊದಲು ತಲೆಯ ಮೇಲಿನ ಬಂಡೆಯನ್ನು ಉದ್ದನೆಯ ಹಾರೆಯಿಂದ ತಟ್ಟಿ ನೋಡುತ್ತಿದ್ದರಂತೆ. ಗಟ್ಟಿ ಬಂಡೆ ಗಂಟೆಯಂತೆ ಅನ್ನುತ್ತದೆ, ಬಿಟ್ಟುಕೊಂಡದ್ದು ಸೀಳಿದ ಗಡಿಗೆಯಂತೆ ಅನ್ನುತ್ತದೆ. ಅದನ್ನೇ ಅವನು ಮನೆಗಳ ಛತ್ತಿಗೂ ಕಂಬಕ್ಕೂ ತಂದ. ಕೈಯಲ್ಲಿ ಒಂದು ಸಣ್ಣ ಸುತ್ತಿಗೆ, ಅಷ್ಟೇ. ನನಗೆ ಮೊದಲು ಕಲಿಸಿದ್ದು ಉಸಿರು ಹಿಡಿಯುವುದನ್ನು. "ತಟ್ಟಿದ ಮ್ಯಾಲೆ ಉಸರು ಬಿಡಬ್ಯಾಡಲೇ ತಮ್ಮಾ. ನಿನ್ನ ಉಸರಿನ ಸಪ್ಪಳ ಅಡ್ಡ ಬರತೈತಿ," ಎನ್ನುತ್ತಿದ್ದ. ಇಡೀ ಛತ್ತನ್ನು ಹೀಗೆ ಅಂಗೈಯಗಲ ಅಂಗೈಯಗಲ ತಟ್ಟುತ್ತ ಹೋಗಿ ಟೊಳ್ಳಾದಲ್ಲಿ ಸೀಮೆಸುಣ್ಣದಿಂದ ಸುತ್ತಲೂ ಗೆರೆ ಎಳೆದು ಗುಂಡು ಹಾಕುತ್ತಿದ್ದ. ಒಡೆದರೆ ಗುಂಡಿನ ಗೆರೆಗೆ ಸರಿಯಾಗಿಯೇ ಪದರ ಬಿಡುತ್ತಿತ್ತು. ಲಿಂಗಸುಗೂರಿನಿಂದ ಸಿಂಧನೂರಿನ ತನಕ ಮನೆ ಮಾಲೀಕರು ಅವನ ಬಾಯಿಂದ "ಗಟ್ಟಿ ಐತಿ" ಎಂಬ ಮಾತು ಬಂದರೆ ನಿಶ್ಚಿಂತೆಯಿಂದ ಮಲಗುತ್ತಿದ್ದರು.

ಅವನ ಕಿವಿ ಯಾವಾಗ ಹೋಯಿತು ಎಂದು ಹೇಳಲಾರೆ. ಒಡೆಯುವ ಮಷಿನ್ನಿನ ಸದ್ದಿನಲ್ಲಿ ಬರಿಗಿವಿಯಲ್ಲಿ ನಿಂತು ವರ್ಷಗಟ್ಟಲೆ ದುಡಿದದ್ದು, ವಯಸ್ಸು, ಎರಡೂ ಸೇರಿರಬೇಕು. ಸದ್ದು ತಡೆಯಲು ಕಿವಿಗೆ ಹಾಕಿಕೋ ಎಂದು ನಾನು ಕೊಟ್ಟದ್ದನ್ನು ಅವನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ. ಮೊದಮೊದಲು ಫೋನು ಬಂದರೆ ನನ್ನ ಕೈಗೆ ಕೊಡತೊಡಗಿದ: "ಸಿಗ್ನಲ್ ಸರಿ ಇಲ್ಲ, ನೀನ ಮಾತಾಡು." ಆಮೇಲೆ ಯಾರು ಮಾತಾಡಿದರೂ ಅವರ ಎದುರಿಗೆ ಬಂದು ನಿಂತು ಬಾಯಿ ನೋಡತೊಡಗಿದ. ಸುತ್ತಿಗೆಯಿಂದ ತಟ್ಟುವಾಗ ಎಡಗೈ ಅಂಗೈಯನ್ನು ಕಾಂಕ್ರೀಟಿನ ಮೇಲೆ ಒತ್ತಿ ಹಿಡಿಯುವ ಅಭ್ಯಾಸ ಹೊಸದಾಗಿ ಬಂತು. ಬಿಟ್ಟುಕೊಂಡ ಜಾಗದಲ್ಲಿ ತಟ್ಟಿದರೆ ಅಂಗೈಯ ಕೆಳಗೆ ಅದು ಸಣ್ಣಗೆ ನಡುಗುತ್ತದೆ, ನಾನೂ ಮುಟ್ಟಿ ನೋಡಿದ್ದೇನೆ. ಕಾಕಾ ಈಗ ಕೇಳುತ್ತಿಲ್ಲ, ಮುಟ್ಟಿ ಹೇಳುತ್ತಿದ್ದಾನೆ ಎಂದು ತಿಳಿಯಲು ನನಗೆ ಕೆಲವು ತಿಂಗಳು ಹಿಡಿಯಿತು. ಸರಿಯಾಗಿಯೇ ಹೇಳುತ್ತಿದ್ದ. ಅವನು ಹೇಳಿಕೊಳ್ಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಜೊತೆ ಬಳಗಾನೂರಿನ ಅಕ್ಕ ಒಬ್ಬಳಿದ್ದಳು. ಗಾರೆ ಕಲಸುವುದು, ಹೊರುವುದು ಅವಳ ಕೆಲಸ, ಎಲ್ಲರನ್ನೂ ಮಾತಿನಲ್ಲಿ ತಿವಿಯುವುದು ಅದರ ಜೊತೆಗಿನ ಕೆಲಸ. ಅವಳಿಗೂ ಗೊತ್ತಾಗಿತ್ತು. "ಕಾಕಾ, ನಿನ್ನ ಹೆಣ್ತಿ ಪುಣ್ಯ ಮಾಡ್ಯಾಳ ನೋಡು. ಎಷ್ಟ ಬೈದರೂ ನೀ ಎದುರು ಮಾತಾಡಂಗಿಲ್ಲ," ಎಂದು ಅವನ ಬೆನ್ನ ಹಿಂದಿನಿಂದ ಹೇಳಿ ನನ್ನ ಕಡೆ ನೋಡಿ ನಗುತ್ತಿದ್ದಳು. ನಮ್ಮ ನಗು ಕಂಡು ಕಾಕಾನೂ ಹೂಂ ಎಂದು ನಗುತ್ತಿದ್ದ.

ಇದರ ನಡುವೆ ಒಮ್ಮೆ ನಾನು ಅವನ ಮಾತಿಗೆ ಅಡ್ಡ ಹೋಗಿದ್ದುಂಟು. ಲಿಂಗಸುಗೂರಿನ ಒಂದು ಮನೆಯ ಛತ್ತಿನಲ್ಲಿ ನನಗೆ ಟೊಳ್ಳು ಕೇಳಿಸಿತು. ಅವನು ಗಟ್ಟಿ ಅಂದ. ನಾನು ಹಟ ಹಿಡಿದು ಒಡೆಸಿದೆ. ಒಳಗೆ ಕಲ್ಲಿನ ಹಾಗಿತ್ತು, ಬಿಟ್ಟುಕೊಂಡಿದ್ದದ್ದು ಮೇಲಿನ ಪ್ಲಾಸ್ಟರ್ ಮಾತ್ರ. ಒಂದು ತಿಂಗಳು ಪ್ರತಿ ಚಹಾದಂಗಡಿಯಲ್ಲೂ ಕಾಕಾ ಅದನ್ನೇ ಹೇಳಿದ: "ನಮ್ಮ ಸಾಹೇಬ್ರ ಕಿವಿ ಭಾಳ ಚುರುಕು. ಸುಣ್ಣ ಉದುರಿದರೂ ಬಿಲ್ಡಿಂಗ್ ಬಿತ್ತು ಅಂತಾರ." ಆ ಅವಮಾನ ನನ್ನ ಬಾಯಿಯನ್ನು ಎಷ್ಟು ಮುಚ್ಚಿಸಿತು ಎಂಬುದನ್ನು ನಾನು ಈಗಲೂ ಪ್ರಾಮಾಣಿಕವಾಗಿ ಅಳೆಯಲಾರೆ. ಸ್ವಲ್ಪವಂತೂ ಮುಚ್ಚಿಸಿತು.

ಸಿಂಧನೂರಿನ ಆ ಕಟ್ಟಡಕ್ಕೆ ನಮ್ಮನ್ನು ಕರೆದದ್ದು ಮುಂಭಾಗದ ಒಂದು ತೊಲೆಗಾಗಿ. ಕೆಳಗೆ ಅಂಗಡಿ, ಮೇಲೆ ಐದು ಅಂತಸ್ತು. ದೊಡ್ಡ ಊರಿನವರ ಲೆಕ್ಕದಲ್ಲಿ ಇದು ಎತ್ತರವೇ ಅಲ್ಲ. ನಮ್ಮ ಕಡೆ ಅದರ ಮಾಳಿಗೆಯ ಮೇಲೆ ನಿಂತರೆ ಕಾಲುವೆ, ಅದರಾಚೆಯ ಗದ್ದೆ, ಮಸ್ಕಿಯ ದಾರಿಯ ಬಸ್ಸು ಎಲ್ಲ ಕಾಣುತ್ತವೆ. ಮುಂದಿನ ತೊಲೆಯಿಂದ ಒಂದು ತುಂಡು ಕಾಂಕ್ರೀಟು ಬಿದ್ದು ಕೆಳಗೆ ನಿಲ್ಲಿಸಿದ್ದ ಸ್ಕೂಟಿಯ ಸೀಟು ಹರಿದಿತ್ತು. ಸ್ಕೂಟಿ ಮೊದಲನೆಯ ಅಂತಸ್ತಿನ ನಿವೃತ್ತ ಟೀಚರಮ್ಮನದು. "ಸೀಟಿನ ಮ್ಯಾಲೆ ಬಿತ್ತು ಅಂತ ಇಷ್ಟಕ್ಕ ಮುಗೀತು. ನನ್ನ ತಲಿ ಮ್ಯಾಲೆ ಬಿದ್ದಿದ್ರ ಸರ್ಕಾರಕ್ಕ ಪೆನ್ಶನ್ ಉಳೀತಿತ್ತು," ಎಂದು ನಾವು ಬಂದ ದಿನವೇ ಮೆಟ್ಟಿಲ ಮೇಲೆ ನಿಂತು ಹೇಳಿದರು.

ಕಟ್ಟಡದ ಮಾಲೀಕರೇ ಗೊಬ್ಬರದ ಅಂಗಡಿಯ ಸಾವಕಾರರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮುರಿಯದ ಬಿಳಿ ಅಂಗಿ. ಗೊಬ್ಬರದ ಅಂಗಡಿಯಲ್ಲಿ ಅಷ್ಟು ಬಿಳಿಯಾಗಿ ಇರುವವರನ್ನು ನಾನು ಬೇರೆ ಕಂಡಿಲ್ಲ. ಗಲ್ಲಾದ ಮೇಲೆ ಅವರ ತಾಯಿ ಕೂಡುತ್ತಿದ್ದರು. ಮೂಲೆಯಲ್ಲಿ ಜೇಡರ ಬಲೆ ಕಂಡರೂ ಮಗನನ್ನು ಹೆಸರು ಹಿಡಿದು ಕರೆದು ತೋರಿಸುತ್ತಿದ್ದರು.

ಮಂಗಳವಾರ ಮುಂದಿನ ತೊಲೆಯನ್ನು ನೋಡಿ ಆದ ಮೇಲೆ, ಬಂದದ್ದು ಬಂದಿದ್ದೇವೆ ಒಳಗಿನ ಕಂಬಗಳನ್ನೂ ತಟ್ಟಿ ನೋಡೋಣ ಎಂದು ಒಳಗೆ ಹೋದೆವು. ಮೂರನೆಯ ಕಂಬಕ್ಕೆ ನಾಲ್ಕೂ ಕಡೆಯಿಂದ ಪೊಟ್ಯಾಶ್ ಗೊಬ್ಬರದ ಚೀಲ ಆಳೆತ್ತರ ಒಟ್ಟಿದ್ದರು. ಪೊಟ್ಯಾಶ್ ಎಂದರೆ ಕೆಂಪು ಬಣ್ಣದ ಒಂದು ಥರದ ಉಪ್ಪೇ.

"ಸಾವಕಾರ್ರ, ಈ ಚೀಲ ಸರಿಸಬೇಕಾಗತೈತ್ರಿ," ಎಂದೆ.

"ನಾಟಿ ನಡದೈತ್ರಿ ಸಾಹೇಬ್ರ, ಈಗೆಲ್ಲಿ ಸರಸೂದು? ಅಮಾಸಿ ಒಂದು ದಾಟಲಿ. ಮರುದಿನ ರೈತರೇ ಬಂದು ಖಾಲಿ ಮಾಡ್ತಾರ. ನಿಮಗ ಹೇಳೂ ಕೆಲಸನೂ ಇರಂಗಿಲ್ಲ."

"ಇರಲಿ ಬಿಡಲೇ," ಎಂದ ಕಾಕಾ, ನಮ್ಮಿಬ್ಬರ ಬಾಯಿ ನೋಡಿ ಮಾತು ಹಿಡಿದು. "ಸಂದ್ಯಾಗ ಕೈ ಹೋಗತೈತಿ."

ಎರಡು ಒಟ್ಟಿಲುಗಳ ನಡುವೆ ಕೈ ಹೋಗುವಷ್ಟು ಸಂದಿ ಇತ್ತು. ಕಾಕಾ ಎಡಗೈ ಅಂಗೈ ಒಳಗೆ ಒತ್ತಿ, ಬಲಗೈಯಿಂದ ಮೂರು ಸಲ ತಟ್ಟಿದ. ನಾನು ಅವನ ಭುಜದ ಪಕ್ಕದಲ್ಲಿದ್ದೆ. ಉಸಿರು ಹಿಡಿದಿದ್ದೆ. ಒಣಗಿದ ಕುಂಬಳಕಾಯಿ ತಟ್ಟಿದ ಹಾಗೆ ಸದ್ದು ಬಂತು. ಕೈಯನ್ನು ಒಂದು ಗೇಣು ಮೇಲಕ್ಕೆ ಸರಿಸಿ ಮತ್ತೆ ತಟ್ಟಿದ. ಅದೇ ಸದ್ದು. ಅವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಚೀಲಗಳ ಭಾರ ಕಂಬದ ಮೈಯನ್ನು ಒತ್ತಿ ಹಿಡಿದಿದ್ದರಿಂದ ಅದು ನಡುಗದೆ ಉಳಿಯಿತು, ಅಂಗೈಗೆ ಸಿಗಲಿಲ್ಲ. ಇದು ನನಗೆ ಹೊಳೆದದ್ದು ಆಮೇಲೆ. ಆ ಕ್ಷಣ ನನಗೆ ಗೊತ್ತಿದ್ದದ್ದು ನನ್ನ ಕಿವಿಗೆ ಬಿದ್ದದ್ದು ಮಾತ್ರ.

"ಗಟ್ಟಿ ಐತ್ರಿ ಸಾವಕಾರ್ರ," ಎಂದ.

"ಇರಲಾರದ ಏನು? ನಮ್ಮ ಮನಿಯವರು ಬಿಸಲಾಗ ನಿಂತು ಕಟ್ಟಿಸ್ಯಾರ," ಎಂದರು ಗಲ್ಲಾದ ಮೇಲಿನ ಅಮ್ಮ.

ಬಳಗಾನೂರಿನ ಅಕ್ಕ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಿದ್ದಳು. ಅವಳಿಗೂ ಕೇಳಿಸಿತ್ತು. ನನ್ನ ಮುಖ ನೋಡಿದಳು. ನಾನು ಕೈಯಲ್ಲಿದ್ದ ಅಳತೆಯ ಟೇಪು ನೋಡಿದೆ.

ಸಂಜೆ ಕಾಕಾ, ನಾನು ಇಬ್ಬರೂ ಒಂದೇ ಬಸ್ಸಿನಲ್ಲಿ ಮಸ್ಕಿಗೆ ಹೊರಟೆವು. ಬಸ್ಸಿನಲ್ಲಿ ಹೇಳಿಬಿಡಬೇಕೆಂದು ನಿಶ್ಚಯಿಸಿದ್ದೆ. ಆದರೆ ಆ ಇಂಜಿನ್ನಿನ ಗದ್ದಲದಲ್ಲಿ ಅವನಿಗೆ ಕೇಳಿಸಬೇಕಾದರೆ ಕೂಗಬೇಕು, ಕೂಗಿದರೆ ಇಡೀ ಬಸ್ಸಿಗೆ ತಿಳಿಯುತ್ತದೆ. ಮಸ್ಕಿಯಲ್ಲಿ ಇಳಿದ ಮೇಲೆ ಹೇಳೋಣ ಎಂದುಕೊಂಡೆ. ಇಳಿದ ಮೇಲೆ ಅವನು ಎಂದಿನಂತೆ ನನ್ನ ತೋಳು ಹಿಡಿದು ಮನೆಗೆ ಎಳೆದುಕೊಂಡು ಹೋದ. ಅವನ ಮನೆಯಲ್ಲಿ ರೊಟ್ಟಿ ತಿನ್ನದೆ ಲಿಂಗಸುಗೂರಿನ ಬಸ್ಸು ಹತ್ತುವುದಕ್ಕೆ ನನ್ನನ್ನು ಯಾವತ್ತೂ ಬಿಟ್ಟವನಲ್ಲ.

ಕಾಕಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಕಾಕಿ ಬಿಸಿ ರೊಟ್ಟಿ, ಪುಂಡಿಪಲ್ಯ ತಾಟಿಗೆ ಹಾಕುತ್ತ ಮೆಲ್ಲಗೆ ಹೇಳಿದಳು: "ತಮ್ಮಾ, ಈಗೀಗ ಕುಕ್ಕರ್ ಸೀಟಿ ಹೊಡದರೂ ಗೊತ್ತಾಗಂಗಿಲ್ಲ ಇವರಿಗೆ. ನೀ ಜೋಡಿ ಇರ್ತಿ ಅಂತ ಧೈರ್ಯಲೆ ಕಳಸ್ತೀನಿ. ಕೆಲಸ ಮಾತ್ರ ಬಿಡಸಬ್ಯಾಡಪ್ಪ. ಮನ್ಯಾಗ ಕುಂದ್ರಿಸಿದ್ರ ವರ್ಷ ಉಳಿಯಂಗಿಲ್ಲ ಈ ಮನಷ್ಯಾ."

ಆಯಿತು ಎಂದೆ. ಕಾಕಾ ಬಂದು ಪಕ್ಕದಲ್ಲಿ ಕೂತು ತನ್ನ ತಾಟಿನ ಮೊಸರನ್ನು ಅರ್ಧ ನನ್ನ ತಾಟಿಗೆ ಸುರಿದ. ನಾನು ಉಂಡು ಬಸ್ಸು ಹತ್ತಿದೆ.

ಬುಧವಾರ ನಾನು ಮಾಡಿದ್ದನ್ನು ಧೈರ್ಯ ಎನ್ನಲಾಗದು. ಬೇರೆ ಕಡೆಗೆಂದು ತಂದಿದ್ದ, ಭಾರಕ್ಕೆ ಊರುಗೋಲಾಗಿ ನಿಲ್ಲಿಸುವ ಕಬ್ಬಿಣದ ಜಾಕಿಗಳಲ್ಲಿ ಎರಡನ್ನು ಮೂರನೆಯ ಕಂಬದ ಎಡಬಲಕ್ಕೆ, ಚೀಲಗಳ ಅಂಚಿಗೆ, ತೊಲೆಯ ಕೆಳಗೆ ಬಿಗಿದು ನಿಲ್ಲಿಸಿದೆ. ಕಾಕಾ ನೋಡಿದ.

"ಇಲ್ಲಿ ಯಾಕಲೇ ಇವು?"

"ಮುಂದ ಒಡೀತೀವಲ್ಲ ಕಾಕಾ. ಇರಲಿ ಅಂತ."

"ಜಾಕಿ ಜಾಸ್ತಿ ಆಗ್ಯಾವೇನು ನಿನಗ?" ಎಂದು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಕೆಲಸಕ್ಕೆ ಹೋದ. ಆ ಭಾರಕ್ಕೆ ಎರಡು ಜಾಕಿ ಸಾಲುವುದಿಲ್ಲ ಎಂದು ನಾನು ಓದಿದ ಪುಸ್ತಕವೂ ಹೇಳುತ್ತದೆ, ನನಗೂ ಗೊತ್ತಿತ್ತು.

ಗುರುವಾರ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಯ ದಿನ ಯಾರೂ ಕಟ್ಟಡದ ಕೆಲಸ ಮಾಡುವುದಿಲ್ಲ. ಆದರೂ ನಾನು ಲಿಂಗಸುಗೂರಿನಿಂದ ಎರಡು ಬಸ್ಸು ಹಿಡಿದು ಸಿಂಧನೂರಿಗೆ ಹೋದೆ. ಸಾವಕಾರರಿಗೆ ಒಬ್ಬರಿಗೇ ಹೇಳಿಬಿಡುವುದು ಎಂದು ಮನಸ್ಸಿನಲ್ಲಿತ್ತು. ಹೋದಾಗ ಅಂಗಡಿ ತೊಳೆಯುವುದು ನಡೆದಿತ್ತು. ಅಮಾವಾಸ್ಯೆಗೆ ಅಂಗಡಿ ತೊಳೆದು ಗಲ್ಲಾಕ್ಕೂ ತಕ್ಕಡಿಗೂ ಪೂಜೆ ಮಾಡುವುದು ಇಲ್ಲಿನ ಎಲ್ಲ ವ್ಯಾಪಾರಸ್ಥರ ಪದ್ಧತಿ. ಹೆಚ್ಚಿನವರು ಬಾಗಿಲ ಮುಂದೆ ಒಂದು ಕೊಡ ನೀರು ಹೊಡೆದು ಮುಗಿಸುತ್ತಾರೆ. ಈ ಸಾವಕಾರರು ಹಾಗಲ್ಲ. ಬಿಳಿ ಧೋತರ ಮೊಣಕಾಲಿಗೆ ಕಟ್ಟಿ, ಆಳುಗಳಿಗೆ ಬಿಡದೆ ತಾವೇ ಬರಿಗಾಲಿನಲ್ಲಿ ಪೈಪು ಹಿಡಿದು, ಹಲಗೆಗಳ ಮೇಲಿದ್ದ ಚೀಲಗಳ ಕೆಳಗೆಲ್ಲ ನೀರು ಬಿಟ್ಟು ಕಸಬರಿಗೆಯಿಂದ ತಿಕ್ಕುತ್ತಿದ್ದರು. ಗಲ್ಲಾದ ಮೇಲಿನಿಂದ ತಾಯಿ, "ಆ ಮೂಲಿ ಉಳೀತು, ಆ ಮೂಲಿ," ಎನ್ನುತ್ತಿದ್ದರು.

ನಾನು ಒಟ್ಟಿಲುಗಳ ಸಂದಿಯಲ್ಲಿ ಬಗ್ಗಿ ನೀರು ಹೋಗುವ ದಾರಿ ನೋಡಿದೆ. ನೆಲದ ಇಳಿಜಾರು ಬಾಗಿಲ ಕಡೆಗಿರಲಿಲ್ಲ, ಮೂರನೆಯ ಕಂಬದ ಕಡೆಗಿತ್ತು. ಚೆಲ್ಲಿದ ಪೊಟ್ಯಾಶನ್ನೆಲ್ಲ ಕರಗಿಸಿಕೊಂಡು ತಿಳಿಗೆಂಪಾದ ನೀರು ಆ ಕಂಬದ ಬುಡದಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಕಂಬಕ್ಕೂ ನೆಲಕ್ಕೂ ನಡುವಿನ ಬಿರುಕಿನಲ್ಲಿ ಇಳಿದು ಹೋಯಿತು. ಅಂಗಡಿ ಶುರುವಾದಾಗಿನಿಂದ ಪ್ರತಿ ತಿಂಗಳು ಅಷ್ಟು ಭಕ್ತಿಯಿಂದ ತೊಳೆದ ನೀರು ಅಲ್ಲಿಗೇ ಹೋಗಿದೆ. ಉಪ್ಪಿನ ನೀರು, ಕಬ್ಬಿಣ. ಇದಕ್ಕಿಂತ ಹೆಚ್ಚು ನಾನು ತಿಳಿಯಬೇಕಾದದ್ದು ಏನೂ ಇರಲಿಲ್ಲ.

"ಸಾವಕಾರ್ರ, ಆ ಕಂಬ..." ಎಂದು ಶುರು ಮಾಡಿದೆ.

"ನಿಮ್ಮ ಕಾಕಾ ಗಟ್ಟಿ ಅಂದಾರಲ್ರಿ. ಅವರು ಅಂದ ಮ್ಯಾಲೆ ಮುಗೀತು. ತೊಗೊರಿ, ಕೈ ಒಡ್ಡರಿ," ಎಂದು ಒಡೆದ ತೆಂಗಿನಕಾಯಿಯ ಹೋಳು, ಸಕ್ಕರೆ ನನ್ನ ಅಂಗೈಗೆ ಹಾಕಿದರು. ಅದನ್ನು ಹಿಡಿದುಕೊಂಡು ನಾನು ಹೊರಗೆ ಬಂದೆ. ಹೀಗೆ ಮಂಗಳವಾರ ಒಮ್ಮೆ, ಗುರುವಾರ ಒಮ್ಮೆ, ಎರಡು ಸಲ ಹೇಳಲು ಹೊರಟು ಹೇಳದೆ ಉಳಿದೆ.

ಶುಕ್ರವಾರ ಬೆಳಿಗ್ಗೆ ಸಾವಕಾರರು ಹೇಳಿದಂತೆಯೇ ರೈತರು ಬಂದರು. ಹಮಾಲರು ಮೂರನೆಯ ಕಂಬದ ಸುತ್ತಲಿನ ಚೀಲಗಳನ್ನೇ ಇಳಿಸಿ ಟ್ರ್ಯಾಕ್ಟರಿಗೆ ಹೊತ್ತರು. ಹತ್ತೂವರೆ ದಾಟಿದ ಮೇಲೆ ಕಂಬ ಪೂರ್ತಿ ಬಯಲಾಯಿತು. ಬುಡದಿಂದ ಎದೆಯೆತ್ತರದ ತನಕ ನಿಂತ ಒಂದು ಬಿರುಕನ್ನು ನಾನು ಆಗ ಮೊದಲ ಬಾರಿಗೆ ಕಂಡೆ. ಬಿಟ್ಟುಕೊಂಡ ಆ ಪದರವನ್ನು ಅಷ್ಟು ದಿನ ಚೀಲಗಳೇ ಆನಿಸಿ ಹಿಡಿದಿದ್ದವು. ಕಾಕಾ ಬಾಗಿಲ ಹತ್ತಿರ ನಾಲ್ಕು ಕಾಲಿನ ಮರದ ಘೋಡಿಯ ಮೇಲೆ ನಿಂತು, ಒಡೆದ ತೊಲೆಯ ಸರಳು ಉಜ್ಜುತ್ತಿದ್ದ. ಇನ್ನು ಹೇಳಲೇಬೇಕು ಎಂದು ಗಡಿಯಾರ ನೋಡಿದೆ, ಚಹಾದ ಹೊತ್ತಿಗೆ ಕೆಳಗಿಳಿಯುತ್ತಾನೆ, ಆಗ ಎಂದು.

ಮೊದಲು ಒಣ ಕೊಂಬೆ ಮುರಿದಂಥ ಒಂದು ಸದ್ದು. ಸಣ್ಣ ಧೂಳು. ಆಮೇಲೆ ಪದರ ಬಿತ್ತು, ಸರಳು ಬಾಗಿತು. ಸರಳುಗಳನ್ನು ಸುತ್ತಿ ಹಿಡಿಯುವ ರಿಂಗುಗಳಿರಬೇಕಾದಲ್ಲಿ ಕಂದು ಪುಡಿ ಇತ್ತು. ನಾನು ಬಿಗಿದ ಎರಡು ಜಾಕಿಗಳಲ್ಲಿ ಒಂದು ಕಿರ್ರೆಂದಿತು.

"ಕಾಕಾ!" ಎಂದು ಕೂಗಿದೆ. ಇನ್ನೊಮ್ಮೆ ಕೂಗಿದೆ. ಅವನು ಬ್ರಷ್ಷು ಎಳೆಯುತ್ತಲೇ ಇದ್ದ. ನನ್ನ ಕಾಲು ಏಳಲಿಲ್ಲ. ಓಡಿದೆ ಎಂದು ಬರೆಯಬಹುದಿತ್ತು, ಆದರೆ ಓಡಲಿಲ್ಲ. ಬಳಗಾನೂರಿನ ಅಕ್ಕ ಬುಟ್ಟಿಯಿಂದ ಹಸಿ ಗಾರೆಯ ಮುದ್ದೆ ತೆಗೆದು ಬೀಸಿ ಒಗೆದಳು. ಅದು ಅವನ ಬೆನ್ನಿಗೆ ತಾಗಿತು. "ಯಾರ್ಲೇ ಅದು?" ಎಂದು ಬೈಯುತ್ತ ತಿರುಗಿದವನು ಕಂಬ ಕಂಡ.

ಘೋಡಿಯಿಂದ ಇಳಿದ. ಬಾಗಿಲು ಎರಡು ಹೆಜ್ಜೆ ದೂರದಲ್ಲಿತ್ತು. ಅತ್ತ ಹೋಗದೆ ಕಂಬದ ಹತ್ತಿರ ಬಂದು, ಒಡೆದ ಜಾಗದ ಮೇಲ್ಗಡೆ ಅಂಗೈ ಇಟ್ಟ. ಮೂರು ಉಸಿರಿನಷ್ಟು ಹೊತ್ತು ಹಾಗೇ ನಿಂತ.

"ಇನ್ನಾ ನಿಂತೈತಿ," ಎಂದ. "ತಮ್ಮಾ, ಮ್ಯಾಲೆ ಹೋಗಿ ಎಲ್ಲಾರ್ನೂ ಇಳಸು. ಮೆಟ್ಟಲ ಮ್ಯಾಲೆ ಓಡಸಬ್ಯಾಡ. ಉಳದವ್ರು ಹೊರಗ ನಡೀರಿ."

ಆ ದನಿಗೆ ನನ್ನ ಕಾಲು ಎದ್ದವು. ಮೊದಲನೆಯ ಅಂತಸ್ತಿನಲ್ಲಿ ಟೀಚರಮ್ಮನಿಗೆ ಹೇಳಿದೆ. ಆಮೇಲೆ ನಾನು ಮಾಡಬೇಕಾದದ್ದು ಹೆಚ್ಚು ಉಳಿಯಲಿಲ್ಲ. ಅವರು ಮೆಟ್ಟಿಲ ತಿರುವಿನಲ್ಲಿ ನಿಂತು, "ಸಾಲಾಗಿ! ಒಬ್ಬರ ಹಿಂದ ಒಬ್ಬರು! ಮಾತಿಲ್ಲ!" ಎಂದು ಗದರಿಸಿದರು. ದೊಡ್ಡವರೆಲ್ಲ ಶಾಲೆಯ ಮಕ್ಕಳಂತೆ ಸಾಲು ಹಿಡಿದು ಇಳಿದರು. ಬೀದಿಯ ಆಚೆ ಬದಿಯಲ್ಲಿ ನಿಲ್ಲಿಸಿ ಮನೆ ಮನೆಯಾಗಿ ಹಾಜರಿ ಕೂಗಿದರು. ಮೂರನೆಯ ಅಂತಸ್ತಿನ ಒಬ್ಬರು ಕಮ್ಮಿ ಬಿದ್ದರು. ನಾನು ಮತ್ತೆ ಹತ್ತಿ ಬಚ್ಚಲಿನ ಬಾಗಿಲು ಬಡಿದು ಅವರನ್ನು ಕರೆತಂದೆ. ಟವೆಲು ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆಯಿಟ್ಟುಕೊಂಡು ಬಂದರು. ಟೀಚರಮ್ಮ, "ಲೇಟ್," ಎಂದರು.

ಅಷ್ಟರಲ್ಲಿ ಸಾವಕಾರರು ತಾಯಿಯನ್ನು ಕುರ್ಚಿಸಮೇತ ಎತ್ತಿ ಹೊರಗೆ ತಂದಿದ್ದರು. ಒಳಗೆ ಕಾಕಾ ಉಳಿದ ಜಾಕಿಗಳನ್ನೆಲ್ಲ ಒಂದೊಂದಾಗಿ ತೊಲೆಯ ಕೆಳಗೆ ಬಿಗಿಯುತ್ತಿದ್ದ. ಅಕ್ಕ ಅವನ ಎದುರು ನಿಂತು ಎತ್ತಿಕೊಡುತ್ತಿದ್ದಳು. ಹೊರಗೆ ಹೋಗು ಎಂದು ಅವನು ಕೈಮಾಡಿದ. ಅವಳು ಅವನ ಮುಖಕ್ಕೆ ಮುಖ ತಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು: "ನಿನಗ ಕೇಳಸಂಗಿಲ್ಲ. ಮತ್ತ ಸಪ್ಪಳಾದ್ರ ನಿನಗ ಹೇಳವ್ರು ಯಾರು? ನಾ ಇಲ್ಲೇ ಇರ್ತೀನಿ."

ನಾನೂ ಒಳಗೆ ಹೋದೆ. ಮೂವರೂ ಸೇರಿ ಇದ್ದಷ್ಟು ಜಾಕಿ, ಪಕ್ಕದ ಕೆಲಸದ ಜಾಗದಿಂದ ಬಂದ ಇನ್ನಷ್ಟು ಜಾಕಿ ಬಿಗಿದೆವು. ಕಂಬ ಮತ್ತೆ ಅಲುಗಲಿಲ್ಲ. ಯಾರಿಗೂ ಏನೂ ಆಗಲಿಲ್ಲ.

ಹೊರಗೆ ಬಂದಾಗ ಸಾವಕಾರರು ಎದುರಿಗೆ ಬಂದರು. "ಕಾಕಾ, ಮಂಗಳವಾರ ಗಟ್ಟಿ ಐತಿ ಅಂದ್ರಲ್ರಿ?" ಎಂದರು. ಅವರು ನೆಲ ನೋಡುತ್ತ ಹೇಳಿದ್ದರಿಂದ ಕಾಕಾನಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದ. ಅಷ್ಟು ಜನರ ನಡುವೆ ನಾನು ಅವನ ಕಿವಿಯಲ್ಲಿ ಕೂಗಿ ಅದನ್ನು ಮತ್ತೆ ಹೇಳಬೇಕಾಯಿತು.

"ಅಂದೀನ್ರಿ," ಎಂದ ಕಾಕಾ. "ತಪ್ಪಾತು. ವರ್ಷದ ಮ್ಯಾಲಾತು, ನನಗ ಕೇಳಸಂಗಿಲ್ಲ. ಕೈಲೆ ಮುಟ್ಟಿ ಹೇಳಾಕತ್ತಿದ್ದೆ. ಇದು ಕೈಗೆ ಸಿಗಲಿಲ್ಲ. ಮುಚ್ಚಿಟ್ಟಿದ್ದು ನನ್ನ ತಪ್ಪು."

ನಾನು ಹೇಳಿದೆ: "ನನಗ ಕೇಳಿಸಿತ್ತು."

ಕಾಕಾ ನನ್ನ ಬಾಯಿ ನೋಡಿದ. "ಏನಂದಿ? ಇನ್ನೊಮ್ಮೆ ಅನ್ನು."

"ಮಂಗಳವಾರ ನನಗ ಟೊಳ್ಳು ಕೇಳಿಸಿತ್ತು ಕಾಕಾ. ಹೇಳಲಿಲ್ಲ. ನಿನಗ ನೋವಾಗತೈತಿ ಅಂತ."

ಅವನು ನನ್ನನ್ನು ಹೊಡೆಯಬಹುದಿತ್ತು. ಬೈಯಲೂ ಇಲ್ಲ. "ನನಗ ನೋವಾದ್ರ ಒಂದು ಮನಿಗೆ ನೋವು," ಎಂದ. "ಇಲ್ಲಿ ಒಂಬತ್ತು ಮನಿ ಅದಾವಲೇ." ಹೇಳಿ, ಅಲ್ಲೇ ಕಟ್ಟೆಯ ಮೇಲೆ ಕೂತ. ಬೆನ್ನಿನ ಮೇಲಿನ ಗಾರೆ ಒಣಗಿತ್ತು. ಅಕ್ಕ ಅದನ್ನು ಉಗುರಿನಿಂದ ಬಿಡಿಸತೊಡಗಿದಳು.

ಮುಂದಿನ ಕೆಲಸ ನಮ್ಮ ಅಳತೆಗೆ ಮೀರಿದ್ದು. ರಾಯಚೂರಿನಿಂದ ಹಿರಿಯ ಇಂಜಿನಿಯರೊಬ್ಬರು ಬಂದರು. ದೊಡ್ಡ ಜಾಕಿಗಳ ಮೇಲೆ ಭಾರ ಹೊರಿಸಿ, ಆ ಕಂಬವನ್ನು ಬುಡದಿಂದ ಬಿಡಿಸಿ, ಹೊಸ ಸರಳು ಕಟ್ಟಿ, ಅದರ ಸುತ್ತ ಇನ್ನೊಂದು ಮೈ ಎರಕ ಹೊಯ್ಯಿಸಿದರು. ಕಾರಣ ಕೇಳಿದಾಗ ಅವರು ಕೆಂಪು ಉಪ್ಪನ್ನೂ ಅಮಾವಾಸ್ಯೆಯ ನೀರನ್ನೂ ತೋರಿಸಿದರು. ಸಾವಕಾರರ ಮುಖ ಸಣ್ಣದಾಯಿತು. "ದೇವರ ಕೆಲಸ ಅಂತ ಮಾಡೀನ್ರಿ," ಎಂದಷ್ಟೇ ಹೇಳಿದರು. ನಮ್ಮನ್ನು ಕೆಲಸದಿಂದ ತೆಗೆಯಬೇಕೆಂದು ಬೀದಿಯಲ್ಲಿ ಮಾತಾದಾಗ ಅವರ ತಾಯಿ ಬಿಡಲಿಲ್ಲ. "ಅವ ಕೇಳಲಿಲ್ಲ, ಇವ ಹೇಳಲಿಲ್ಲ, ನಾವು ತಿಂಗಳಾ ನೀರ ಹಾಕೀವಿ. ಯಾರನ್ನ ಅಂತ ತೆಗೀತಿ?" ಎಂದು ಮಗನಿಗೆ ಕೇಳಿದರು. ಈಗ ಅಲ್ಲಿ ಅಮಾವಾಸ್ಯೆಗೆ ಹಿಂಡಿದ ಬಟ್ಟೆಯಿಂದ ನೆಲ ಒರೆಸುತ್ತಾರೆ. ಚೀಲ ಕಂಬದಿಂದ ಒಂದು ಮೊಳ ದೂರ.

ಕಾಕಾ ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂಡುತ್ತಿದ್ದ, ಕಿಟಕಿ ನೋಡುತ್ತಿದ್ದ. ಮಸ್ಕಿಯಲ್ಲಿ ಇಳಿದು ತೋಳು ಹಿಡಿಯದೆ ಹೋಗುತ್ತಿದ್ದ. ಐದನೆಯ ದಿನ ಅದೇ ಕಟ್ಟಡದ ಎರಡನೆಯ ಅಂತಸ್ತಿನ ಬಾಲ್ಕನಿಯ ಕೆಳಗಿನ ಅಟ್ಟಣಿಗೆಗೆ ನನ್ನನ್ನು ಕರೆದು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟ. ತಾನು ಅಂಗೈ ಒತ್ತಿ ನಿಂತ.

"ನೀ ತಟ್ಟು. ಮೊದಲು ನೀ ಹೇಳಬೇಕು. ಆಮ್ಯಾಲೆ ನಾ ಹೇಳ್ತೀನಿ. ಇಬ್ಬರದೂ ಕೂಡದಿದ್ರ ಒಡದು ನೋಡೂದು."

ನಾನು ತಟ್ಟಿ ಅವನ ಮುಖ ನೋಡಿದೆ.

"ನನ್ನ ಮಾರಿ ಯಾಕ ನೋಡ್ತಿ? ಕಾಂಕ್ರೀಟ್ ನೋಡಿ ಹೇಳು. ಜೋರಾಗಿ ಹೇಳು, ನನಗ ಕೇಳಸಂಗಿಲ್ಲ."

"ಟೊಳ್ಳು!" ಎಂದು ಕೂಗಿದೆ. ಕೆಳಗೆ ಬೀದಿಯಲ್ಲಿ ಹೋಗುವವರು ಮೇಲೆ ನೋಡಿದರು.

"ಹೌದು, ಟೊಳ್ಳು," ಎಂದು ಅವನು ಸೀಮೆಸುಣ್ಣದ ಗುಂಡು ಹಾಕಿದ. ಆಮೇಲೆ ಇನ್ನೂ ಒಂದೂವರೆ ವರ್ಷ, ಅವನ ಮೊಣಕಾಲು ಮೆಟ್ಟಿಲು ಹತ್ತಲು ಒಲ್ಲೆ ಅನ್ನುವ ತನಕ, ನಾವು ಹಾಗೇ ಕೆಲಸ ಮಾಡಿದೆವು. ಕರೆಯುವವರಿಗೆ ಮೊದಲೇ ಹೇಳುತ್ತಿದ್ದೆವು, ಇಬ್ಬರೂ ಬರುತ್ತೇವೆ, ಒಬ್ಬನಿಗೆ ಕಿವಿ ಇಲ್ಲ ಎಂದು. ಕೆಲವರು ಬೇಡ ಅಂದರು. ಹೆಚ್ಚಿನವರು ಕರೆದರು.

ಇದನ್ನೆಲ್ಲ ನಾನೊಬ್ಬನೇ ಕಂಡವನಲ್ಲ. ಸಾವಕಾರರ ತಾಯಿ ಹೋದ ವರ್ಷ ತೀರಿಕೊಂಡರು. ಚೀಲ ಇಳಿಸಿದ ಹಮಾಲರು ಯಾವ ಊರಿನವರೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ. ಸಾವಕಾರರು ಸಿಂಧನೂರಿನ ಅದೇ ಅಂಗಡಿಯಲ್ಲಿದ್ದಾರೆ, ಈಗ ಗಲ್ಲಾದ ಮೇಲೆ ಅವರೇ ಕೂಡುತ್ತಾರೆ. ಟೀಚರಮ್ಮ ಮೊದಲನೆಯ ಅಂತಸ್ತಿನಲ್ಲಿದ್ದಾರೆ. ಬಳಗಾನೂರಿನ ಅಕ್ಕ ಇದ್ದಾಳೆ. ಸದ್ದು ಮಂಗಳವಾರವೇ ನನಗೆ ಕೇಳಿಸಿತ್ತು ಎಂಬುದಕ್ಕೆ ಅವಳೇ ಸಾಕ್ಷಿ, ಅವಳು ಯಾಕೆ ಸುಮ್ಮನಿದ್ದಳೆಂದು ಕೇಳಿದರೆ, "ಇಂಜಿನಿಯರ್ ನೀನೋ ನಾನೋ?" ಎನ್ನುತ್ತಾಳೆ. ಮಸ್ಕಿಯಲ್ಲಿ ಕಾಕಾ ಇದ್ದಾನೆ. ಪದರ ಬೀಳುವುದನ್ನು ಅವನು ಕೇಳಲಿಲ್ಲ, ಬಿದ್ದದ್ದನ್ನು ಕಂಡ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಹೇಳಬಲ್ಲವರು ಈ ನಾಲ್ವರು.